ಕಾಲ್ಚೆಂಡಾಟದ ರಾತ್ರಿ ಏನನ್ನು ತಿನ್ನಬೇಕು?

೨೦೨೨ನೆಯ ಇಸವಿ ಡಿಸೆಂಬರ್ ೧೮, ಭಾನುವಾರ. ಕತಾರ್ ದೇಶದ ಲುಸೈಲ್ ಕ್ರೀಡಾಂಗಣದಲ್ಲಿ ಅರ್ಜೆಂಟೀನಾ ಮತ್ತು ಫ್ರಾನ್ಸ್ ತಂಡಗಳ ನಡುವೆ ವಿಶ್ವಕಪ್ ಕಾಲ್ಚೆಂಡಾಟದ ಅಂತಿಮ ಪಂದ್ಯ ನಡೆಯಲಿತ್ತು. ಅಲ್ಲಿ ಸಂಜೆ ಆರು ಗಂಟೆಯಾದಾಗ ನಮ್ಮಲ್ಲಿ ರಾತ್ರಿ ಎಂಟೂವರೆ. ನಮ್ಮ ಮೇಲ್ವಿಚಾರಣೆಗೆ ಸೇರಿದ್ದ ವಿದ್ಯಾರ್ಥಿನಿಲಯದ ಹುಡುಗರು ಸಭಾಂಗಣದಲ್ಲಿ ದೂರದರ್ಶನದ ಮುಂದೆ ನೆರೆದಿದ್ದರು. ಅವರ ಉಪಾಹಾರದ ಏರ್ಪಾಟನ್ನು ನಾವೇ ವಹಿಸಿಕೊಂಡಿದ್ದೆವು. ನಾಲ್ಕು ಗಂಟೆಗೇ ಒಂದು ದೊಡ್ಡ ಪಾತ್ರೆಯ ತುಂಬ ತರಕಾರಿ ಪಲಾವನ್ನು ಮಾಡಿಸಿ ಮುಚ್ಚಿರಿಸಿದೆವು. ಆಟದ ಆರಂಭಕ್ಕೆ ಸರಿಯಾಗಿ ಮೆಣಸಿನಕಾಯಿ ಬಜ್ಜಿಗಳೂ ಬಂದವು. ಎಲ್ಲವನ್ನೂ ಮುಂಚಿತವಾಗಿ ಸಿದ್ಧಪಡಿಸಿದ್ದೇವೆಂಬ ತೃಪ್ತಿ ನಮಗಿತ್ತು.

ಆ ತೃಪ್ತಿ ಬಹಳ ಹೊತ್ತು ಉಳಿಯಲಿಲ್ಲ. ಬಜ್ಜಿಗಳು ಅರ್ಧ ಗಂಟೆಯಲ್ಲಿ ತಣ್ಣಗಾಗಿ ಮೆತ್ತಗಾದವು. ಅರ್ಜೆಂಟೀನಾ ಎರಡು ಗೋಲುಗಳಿಂದ ಮುಂದಿತ್ತು; ಇನ್ನೇನೂ ನಡೆಯಲಾರದೆಂದು ನಂಬಿದ ಹುಡುಗನೊಬ್ಬನು ಉಳಿದ ಬಜ್ಜಿಗಳನ್ನು ಬಿಸಿಮಾಡಿ ತರಲು ಅಡುಗೆಮನೆಗೆ ಹೋದನು. ೮೦ ಮತ್ತು ೮೧ನೆಯ ನಿಮಿಷಗಳಲ್ಲಿ ಎಂಬಾಪೆ ಎರಡು ಗೋಲುಗಳನ್ನು ಹೊಡೆದನು. ಹುಡುಗನು ತಟ್ಟೆ ಹಿಡಿದು ಬರುವ ವೇಳೆಗೆ ಆಟ ಸಮಸಮವಾಗಿತ್ತು. ಹೆಚ್ಚುವರಿ ಅವಧಿಯ ಬಳಿಕ ೩–೩, ಕೊನೆಗೆ ಪೆನಾಲ್ಟಿ ಒದೆತಗಳಲ್ಲಿ ೪–೨ರಿಂದ ಅರ್ಜೆಂಟೀನಾಗೆ ಜಯ. ಆಗ ರಾತ್ರಿ ಹನ್ನೊಂದು ಗಂಟೆ ಕಳೆದಿತ್ತು. ಹಸಿದ ಹುಡುಗರು ಪಲಾವನ್ನು ತಿಂದು ಮಲಗಿದರು. ಬೆಳಗಾಗುವುದರೊಳಗೆ ಅವರಲ್ಲಿ ಮೂವರು ವಾಂತಿಯಿಂದ ಬಳಲಿದರು. ಮರುದಿನವೇ ಅವರು ಚೇತರಿಸಿಕೊಂಡುದು ನಮ್ಮ ಪುಣ್ಯ.

ಭೌತಶಾಸ್ತ್ರವನ್ನು ಬೋಧಿಸುವ ನಾವು ಆ ರಾತ್ರಿ ಎರಡು ತಪ್ಪುಗಳನ್ನು ಮಾಡಿದ್ದೆವು. ಬಜ್ಜಿಯು ಬೇಗ ತಣ್ಣಗಾಗುತ್ತದೆಂಬುದನ್ನೂ ಪಲಾವು ಬೇಗ ತಣ್ಣಗಾಗುವುದಿಲ್ಲವೆಂಬುದನ್ನೂ ಮರೆತಿದ್ದೆವು. ಮೊದಲನೆಯದರಿಂದ ರುಚಿ ಕೆಟ್ಟಿತು. ಎರಡನೆಯದರಿಂದ ಆರೋಗ್ಯ ಕೆಟ್ಟಿತು. ದೊಡ್ಡ ಪಂದ್ಯವನ್ನು ನೋಡುತ್ತ ತಿನ್ನಲು ಯಾವ ಆಹಾರವು ತಕ್ಕುದೆಂಬುದನ್ನು ಈ ದೃಷ್ಟಿಯಿಂದ ವಿಚಾರಿಸೋಣ.

ಪಂದ್ಯದ ಕಾಲಮಾನ

ಪಂದ್ಯಕ್ಕೆ ೯೦ ನಿಮಿಷವೆಂದು ಹೇಳುವುದು ವಾಡಿಕೆ. ನಡುವಿನ ವಿರಾಮ ೧೫ ನಿಮಿಷ. ನಷ್ಟವಾದ ಸಮಯಕ್ಕಾಗಿ ಕೂಡಿಸುವ ನಿಮಿಷಗಳು ಬೇರೆ. ಅಂತಿಮ ಪಂದ್ಯವು ಸಮಸಮವಾದರೆ ಮತ್ತೆ ೩೦ ನಿಮಿಷ, ಅನಂತರ ಪೆನಾಲ್ಟಿ. ಒಟ್ಟು ಹೆಚ್ಚುಕಡಿಮೆ ಮೂರು ಗಂಟೆಗಳೆಂದು ಎಣಿಸಬೇಕು. ಈ ಮೂರು ಗಂಟೆಗಳಲ್ಲಿ ನಿಶ್ಚಿಂತೆಯಿಂದ ಏಳಬಹುದಾದ ಕಾಲ ವಿರಾಮದ ೧೫ ನಿಮಿಷ ಮಾತ್ರ. ಆದುದರಿಂದ ಮೂರು ಗಂಟೆ ಹಾಗೆಯೇ ಇಟ್ಟರೂ ಕೆಡದ, ಒಲೆಯ ಬಳಿಗೆ ಓಡಿಸದ ಆಹಾರವು ನಮಗೆ ಬೇಕು.

ಸಣ್ಣ ವಸ್ತು, ದೊಡ್ಡ ವಸ್ತು

ಬಿಸಿಯಾದ ವಸ್ತುವು ತಣಿಯುವ ವೇಗವು ಆ ವಸ್ತುವಿನ ಮತ್ತು ಸುತ್ತಲಿನ ಗಾಳಿಯ ಉಷ್ಣತೆಗಳ ಅಂತರವನ್ನು ಅನುಸರಿಸುತ್ತದೆ. ಇದು ನ್ಯೂಟನ್ನನ ಶೀತಲೀಕರಣ ನಿಯಮ. ಇದರಂತೆ ಆ ಅಂತರವು ಸಮಾನ ಕಾಲಾವಧಿಗಳಲ್ಲಿ ಅರ್ಧರ್ಧವಾಗುತ್ತ ಹೋಗುತ್ತದೆ. ಕೊಠಡಿಯ ಉಷ್ಣತೆ ೨೫ ಡಿಗ್ರಿ ಸೆಲ್ಸಿಯಸ್, ಬಜ್ಜಿಯದು ೮೫ ಡಿಗ್ರಿ ಎಂದಿಟ್ಟುಕೊಳ್ಳೋಣ. ಅಂತರ ೬೦ ಡಿಗ್ರಿ. ಅದು ೮ ನಿಮಿಷಕ್ಕೊಮ್ಮೆ ಅರ್ಧವಾಗುವುದಾದರೆ ಬಜ್ಜಿಯ ಉಷ್ಣತೆ ೮ ನಿಮಿಷಗಳ ಬಳಿಕ ೫೫, ೧೬ ನಿಮಿಷಗಳ ಬಳಿಕ ೪೦, ೨೪ ನಿಮಿಷಗಳ ಬಳಿಕ ಕೇವಲ ೩೨.೫ ಡಿಗ್ರಿ. ಆಟದ ಮೊದಲರ್ಧವೂ ಮುಗಿದಿರುವುದಿಲ್ಲ!

ಬಜ್ಜಿಯು ಸಣ್ಣದಾದುದರಿಂದ ಅದರ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಬಹಳ. ಶಾಖವು ಹೊರಬೀಳುವುದು ಹೊರಮೈಯಿಂದಲೇ ಅಲ್ಲವೆ? ದೊಡ್ಡ ಪಾತ್ರೆಯಲ್ಲಿರುವ ಅನ್ನದ ಸ್ಥಿತಿ ಇದಕ್ಕೆ ವಿರುದ್ಧ. ನಡುವಿನ ಶಾಖವು ಅಗುಳಿನಿಂದ ಅಗುಳಿಗೆ ಹರಿದು ಅಂಚನ್ನು ಸೇರಬೇಕು. ಹೀಗೆ ಒಳಗಿನ ಶಾಖವಹನವೊಂದನ್ನೇ ಗಣಿಸಿದರೆ, ತಣಿಯಲು ಬೇಕಾದ ಕಾಲವು ದಪ್ಪದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ದಪ್ಪವು ಎರಡರಷ್ಟಾದರೆ ಕಾಲವು ನಾಲ್ಕರಷ್ಟು. ೪ ಸೆಂಟಿಮೀಟರ್ ದಪ್ಪದ ಅನ್ನದ ಪದರವು ತಣಿಯಲು ೨೦ ನಿಮಿಷ ಬೇಕಾದರೆ, ೨೦ ಸೆಂಟಿಮೀಟರ್ ದಪ್ಪದ ರಾಶಿಗೆ ಅದರ ೨೫ ಪಟ್ಟು, ಎಂದರೆ ೫೦೦ ನಿಮಿಷ ಬೇಕು. ಎಂಟು ಗಂಟೆಗೂ ಮಿಕ್ಕ ಕಾಲ! ನಮ್ಮ ಪಲಾವಿನ ನಡುಭಾಗವು ಸಂಜೆಯೆಲ್ಲ ಉಗುರುಬೆಚ್ಚಗೆ ಇದ್ದುದಕ್ಕೆ ಇದೇ ಕಾರಣ.

ಉಗುರುಬೆಚ್ಚಗಿನ ಅನ್ನದಲ್ಲಿ ಏನು ನಡೆಯುತ್ತದೆ?

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಗಳು ಇರುವುದುಂಟು. ಬೀಜಕವೆಂದರೆ ಗಟ್ಟಿ ಕವಚದೊಳಗೆ ನಿದ್ರಿಸುತ್ತಿರುವ ಜೀವಿ. ಅನ್ನ ಬೇಯುವ ೧೦೦ ಡಿಗ್ರಿ ಶಾಖವನ್ನೂ ಅದು ತಡೆದುಕೊಳ್ಳಬಲ್ಲದು. ಅನ್ನವು ಉಗುರುಬೆಚ್ಚಗಾದಾಗ ಅದು ಎಚ್ಚೆತ್ತು, ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯತೊಡಗುತ್ತದೆ. ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುವುದೆಂದು ಲೆಕ್ಕ ಹಾಕಿದರೆ, ಐದು ಗಂಟೆಗಳಲ್ಲಿ ಹತ್ತು ಸಲ ಇಮ್ಮಡಿಯಾಗಿ ಒಂದು ಸಾವಿರವಿದ್ದುದು ಹತ್ತು ಲಕ್ಷವನ್ನು ಮೀರುತ್ತದೆ.

ಈ ಜೀವಿಯ ಕೆಲವು ತಳಿಗಳು ಅನ್ನದಲ್ಲಿ ಒಂದು ವಿಷವನ್ನು ಸೇರಿಸುತ್ತವೆ. ತಿಂದ ಆರು ಗಂಟೆಗಳೊಳಗೆ ವಾಂತಿಯಾಗುವುದು ಇದರಿಂದಲೇ. ಮತ್ತೆ ಬಿಸಿಮಾಡಿದರೆ ಜೀವಿಗಳು ಸಾಯಬಹುದು, ವಿಷವು ಮಾತ್ರ ನಾಶವಾಗುವುದಿಲ್ಲ. ‘ಚೆನ್ನಾಗಿ ಕುದಿಸಿದರೆ ಎಲ್ಲವೂ ಸರಿಹೋಗುತ್ತದೆ’ ಎಂಬ ನಂಬಿಕೆಯು ಇಲ್ಲಿ ಸಲ್ಲದು. ವಾಸನೆಯಿಂದಲೂ ಇದನ್ನು ಕಂಡುಹಿಡಿಯಲಾಗದು.

ಆಹಾರಶಾಸ್ತ್ರಜ್ಞರು ೫ರಿಂದ ೬೦ ಡಿಗ್ರಿಯವರೆಗಿನ ಉಷ್ಣತೆಯನ್ನು ಅಪಾಯದ ವಲಯವೆನ್ನುತ್ತಾರೆ. ಬೇಯಿಸಿದ ಒದ್ದೆ ಆಹಾರವು ಈ ವಲಯದಲ್ಲಿ ಎರಡು ಗಂಟೆಗಳಿಗಿಂತ ಹೆಚ್ಚು ಕಾಲ ಇರಬಾರದು. ೩೨ ಡಿಗ್ರಿಯನ್ನು ಮೀರಿದ ಬೇಸಗೆಯಲ್ಲಿ ಒಂದೇ ಗಂಟೆ. ಪಂದ್ಯವು ಮೂರು ಗಂಟೆಗಳದೆಂಬುದನ್ನು ನೆನೆಯಿರಿ. ಆದುದರಿಂದ ಅನ್ನದ ಊಟವನ್ನು ಆಟಕ್ಕೆ ಮೊದಲೇ ಬಿಸಿಬಿಸಿಯಾಗಿ ಮುಗಿಸಬೇಕು. ಉಳಿದುದನ್ನು ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಬೇಗ ತಣಿಸಿ, ಶೀತಕಪಾಟಿನಲ್ಲಿಡಬೇಕು.

ಒಣ ಆಹಾರದ ಬಲ

ಹಾಗಾದರೆ ಚಕ್ಕುಲಿಯು ವಾರಗಟ್ಟಲೆ ಡಬ್ಬಿಯಲ್ಲಿದ್ದರೂ ಏಕೆ ಕೆಡುವುದಿಲ್ಲ? ಸೂಕ್ಷ್ಮಜೀವಿಗಳಿಗೆ ಬೇಕಾದ ನೀರು ಅದರಲ್ಲಿಲ್ಲ. ಇದನ್ನು ಅಳೆಯುವ ಕ್ರಮವು ಸರಳವಾಗಿದೆ. ಆಹಾರವನ್ನು ಮುಚ್ಚಿದ ಸಣ್ಣ ಪಾತ್ರೆಯಲ್ಲಿಟ್ಟು, ಒಳಗಿನ ಗಾಳಿಯ ಆರ್ದ್ರತೆಯು ಸ್ಥಿರವಾದ ಮೇಲೆ ಅಳೆಯಬೇಕು. ಅದು ನೂರಕ್ಕೆ ೯೮ ಆಗಿದ್ದರೆ ಆ ಆಹಾರದ ಜಲಾಂಕ ೦.೯೮ ಎಂದು ಕರೆಯೋಣ. ಅನ್ನದ ಜಲಾಂಕವು ಸುಮಾರು ಇಷ್ಟೇ. ಜಲಾಂಕವು ೦.೬ಕ್ಕಿಂತ ಕಡಿಮೆಯಾದರೆ ಯಾವ ಸೂಕ್ಷ್ಮಜೀವಿಯೂ ಬೆಳೆಯಲಾರದು. ಗರಿಗರಿಯಾದ ಮಂಡಕ್ಕಿ, ಚಕ್ಕುಲಿ, ನಿಪ್ಪಟ್ಟುಗಳದು ಇದಕ್ಕಿಂತಲೂ ಕೆಳಗೆ.

ಅರಳು ಎಂಬ ಪದಾರ್ಥದಲ್ಲಿ ನೀರೇ ಕೆಲಸ ಮಾಡಿ ಹೊರಟುಹೋಗುತ್ತದೆ. ಅರಳುವ ಜಾತಿಯ ಮೆಕ್ಕೆಜೋಳದ ಕಾಳಿನಲ್ಲಿ ನೂರಕ್ಕೆ ಸುಮಾರು ೧೪ ಭಾಗ ನೀರಿರುತ್ತದೆ. ಗಟ್ಟಿ ಸಿಪ್ಪೆಯು ಹಬೆಯನ್ನು ಹೊರಬಿಡದು. ಸುಮಾರು ೧೮೦ ಡಿಗ್ರಿಯಲ್ಲಿ ಒಳಗಿನ ಒತ್ತಡವು ವಾಯುಮಂಡಲದ ಒತ್ತಡದ ಹತ್ತುಪಟ್ಟಿನಷ್ಟಾಗಿ, ಸಿಪ್ಪೆಯು ಸಿಡಿಯುತ್ತದೆ. ಮೆತ್ತಗಾಗಿದ್ದ ಪಿಷ್ಟವು ಒಮ್ಮೆಲೆ ಉಬ್ಬಿ, ತಣಿದು, ಬಿಳಿಯ ನೊರೆಯಂತೆ ಗಟ್ಟಿಯಾಗುತ್ತದೆ. ನಾಗರಪಂಚಮಿಗೆ ಉತ್ತರ ಕರ್ನಾಟಕದ ಮನೆಗಳಲ್ಲಿ ಹುರಿಯುವ ಜೋಳದ ಅರಳಿನ ತತ್ತ್ವವೂ ಇದೇ. ಹುರಿಯುವಾಗ ಮುಚ್ಚಳವನ್ನು ಸ್ವಲ್ಪ ಓರೆಯಾಗಿಟ್ಟರೆ ಹಬೆಯು ಹೊರಹೋಗಿ ಅರಳು ಗರಿಗರಿಯಾಗುತ್ತದೆ. ಬಿಸಿ ಬಜ್ಜಿಯನ್ನು ಮುಚ್ಚಿಟ್ಟರೆ ಮೆತ್ತಗಾಗುವುದೂ ಹಬೆಯಿಂದಲೇ; ತೂತುಗಳುಳ್ಳ ಬುಟ್ಟಿಯು ಅದಕ್ಕೆ ಮೇಲು.

ಒಣ ಆಹಾರಕ್ಕೂ ಒಬ್ಬ ಶತ್ರುವಿದ್ದಾನೆ. ೨೦೧೪ ಮತ್ತು ೨೦೧೮ರ ವಿಶ್ವಕಪ್ ಪಂದ್ಯಗಳು ಜೂನ್–ಜುಲೈ ತಿಂಗಳುಗಳಲ್ಲಿ ನಡೆದವು. ಆಗ ನಮ್ಮಲ್ಲಿ ಮಳೆಗಾಲ. ಕರಾವಳಿಯ ಗಾಳಿಯ ಆರ್ದ್ರತೆಯು ನೂರಕ್ಕೆ ೮೦ನ್ನು ಮೀರುತ್ತದೆ. ತೆರೆದಿಟ್ಟ ಮಂಡಕ್ಕಿಯು ಗಾಳಿಯ ತೇವವನ್ನು ಹೀರಿ ಅದಕ್ಕೆ ಸರಿಸಮನಾಗಲು ಹವಣಿಸುತ್ತದೆ. ಅದರ ಗರಿಮುರಿ ಹೊರಟುಹೋಗುತ್ತದೆ. ಆದುದರಿಂದ ಎಲ್ಲವನ್ನೂ ಒಂದೇ ಸಲ ತಟ್ಟೆಗೆ ಸುರಿಯದೆ, ಬಿಗಿಯಾದ ಡಬ್ಬಿಯಿಂದ ಸ್ವಲ್ಪ ಸ್ವಲ್ಪವಾಗಿ ತೆಗೆಯಬೇಕು. ಧಾರವಾಡದ ಗಿರಮಿಟ್ಟನ್ನೋ ಮಂಗಳೂರಿನ ಚುರುಮುರಿಯನ್ನೋ ಬಯಸುವವರು ಮಂಡಕ್ಕಿಯನ್ನೂ ಒದ್ದೆ ಮಸಾಲೆಯನ್ನೂ ಬೇರೆಬೇರೆಯಾಗಿಟ್ಟು, ವಿರಾಮದಲ್ಲಿ ಕಲಸಿ ಆಗಲೇ ತಿನ್ನಬೇಕು. ಮಸಾಲೆಯಲ್ಲಿ ನೀರಿರುವುದರಿಂದ ಅದನ್ನು ಶೀತಕಪಾಟಿನಿಂದ ಆಗಲೇ ಹೊರತೆಗೆಯುವುದು ಲೇಸು.

ಎರಡು ಎಚ್ಚರಿಕೆಗಳು

ಮೊದಲನೆಯದು ಎಣ್ಣೆಯ ಬಾಣಲೆ. ಆಟ ನಡೆಯುತ್ತಿರುವಾಗ ಒಲೆಯ ಮೇಲೆ ಎಣ್ಣೆಯನ್ನಿಟ್ಟು ಗೋಲಿನ ಕೂಗನ್ನು ಕೇಳಿ ಓಡಿಬಂದವನು ಒಲೆಯನ್ನು ಮರೆಯುವುದು ಸಹಜ. ಅತಿಯಾಗಿ ಕಾದ ಎಣ್ಣೆಯು ಹೊಗೆಯಾಡಿ, ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅದಕ್ಕೆ ನೀರನ್ನೆಂದೂ ಹಾಕಬಾರದು; ನೀರು ಎಣ್ಣೆಯ ಕೆಳಗಿಳಿದು ಒಮ್ಮೆಲೆ ಹಬೆಯಾಗಿ ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಒಲೆಯನ್ನು ಆರಿಸಿ, ಬಾಣಲೆಯ ಮೇಲೆ ಲೋಹದ ಮುಚ್ಚಳವನ್ನು ಮುಚ್ಚಬೇಕು.

ಎರಡನೆಯದು ಕಡಲೆಕಾಯಿ. ಅದು ಒಣ, ರುಚಿಕರ, ಪುಷ್ಟಿಕರ. ಆದರೆ ಅನ್ನಕ್ಕೂ ಗಾಳಿಗೂ ಗಂಟಲಿನಲ್ಲಿ ಸ್ವಲ್ಪ ದೂರ ಒಂದೇ ದಾರಿ. ನುಂಗುವಾಗ ಶ್ವಾಸನಾಳವು ಮುಚ್ಚಿಕೊಳ್ಳುತ್ತದೆ. ಕೂಗುವ ಮೊದಲು ಎಳೆದುಕೊಳ್ಳುವ ಉಸಿರಿಗಾಗಿ ತೆರೆದಿರುತ್ತದೆ. ಬಾಯಲ್ಲಿ ಕಾಳಿರುವಾಗ ಗೋಲು ಬಿದ್ದರೆ ಕಾಳು ಉಸಿರಿನೊಡನೆ ಒಳಗೆ ಸೇರಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಬೀಜವನ್ನು ಕೊಡಲೇಬಾರದು. ಅರಳೂ ಅವರಿಗೆ ತಕ್ಕುದಲ್ಲ. ಅಣ್ಣಂದಿರೊಡನೆ ಆಟ ನೋಡಲು ಕುಳಿತ ಪುಟ್ಟ ತಂಗಿಗೆ ಬಾಳೆಯ ಹಣ್ಣು ಸಾಕು.

ಮಾಡಿ ನೋಡಿ

ಒಂದೇ ಡಬ್ಬಿಯ ಮಂಡಕ್ಕಿಯನ್ನು ಎರಡು ಸಮಪಾಲು ಮಾಡಿ. ಒಂದನ್ನು ಬಿಗಿಯಾದ ಸೀಸೆಯಲ್ಲಿಡಿ. ಇನ್ನೊಂದನ್ನು ತಟ್ಟೆಯಲ್ಲಿ ತೆರೆದಿಡಿ. ಪ್ರಯೋಗಶಾಲೆಯ ಸೂಕ್ಷ್ಮ ತಕ್ಕಡಿಯಲ್ಲಿ ಅರ್ಧ ಗಂಟೆಗೊಮ್ಮೆ ಎರಡನ್ನೂ ತೂಗಿ. ಬಾಯಿಗೆ ಮೆತ್ತಗೆನಿಸುವಷ್ಟರಲ್ಲಿ ತೆರೆದಿಟ್ಟುದರ ತೂಕವು ಎಷ್ಟು ಹೆಚ್ಚಿದೆಯೆಂದು ಗುರುತಿಸಿ. ಮಳೆಯ ದಿನವೂ ಬಿಸಿಲಿನ ದಿನವೂ ಇದನ್ನು ಮಾಡಿ ಫಲಿತಾಂಶಗಳನ್ನು ಹೋಲಿಸಿ.

ನಮ್ಮ ವಿದ್ಯಾರ್ಥಿನಿಲಯದಲ್ಲಿ ಈಗ ಕ್ರಮವು ಬದಲಾಗಿದೆ. ಆಟದ ರಾತ್ರಿ ಊಟವು ಒಂದು ಗಂಟೆ ಮೊದಲೇ ಮುಗಿಯುತ್ತದೆ. ಆಟದ ನಡುವೆ ಅರಳು, ಚಕ್ಕುಲಿ, ಹಣ್ಣು ಮತ್ತು ಕುಡಿಯುವ ನೀರು, ವಿರಾಮದಲ್ಲಿ ಗಿರಮಿಟ್ಟು. ಅಡುಗೆಮನೆಯ ಒಲೆಯನ್ನು ಆರಿಸಿದ ಮೇಲೆಯೇ ದೂರದರ್ಶನವನ್ನು ಹಚ್ಚುತ್ತೇವೆ. ಅಂದು ಬಜ್ಜಿ ಬಿಸಿಮಾಡಲು ಹೋಗಿದ್ದ ಹುಡುಗನೇ ಒಲೆಯನ್ನು ಪರೀಕ್ಷಿಸಿ ಬಂದು, ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದನು. ಪದವಿ ಮುಗಿಸಿ ಹೋಗುವವರೆಗೂ ಅವನು ಆ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡಲಿಲ್ಲ.