‘ದಿ’ ಬೇಡದ ಕಡೆ

ಮಗಾ, ಎಸ್ಸೆಸ್ಸೆಲ್ಸಿಯವರೆಗೆ ಅಜೆಕಾರಿನಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿದವಳು ನೀನು. ಈಗ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಕಾರ್ಕಳಕ್ಕೆ ಪಿಯುಸಿ ಸಯನ್ಸ್ ಓದಲು ಹೋಗುತ್ತಿದ್ದೀ. ತಿದ್ದಲು ಕೊಟ್ಟುಹೋದ ನಿನ್ನ ನೋಟ್ಸನ್ನು ಪೂರ್ತಿ ಓದಿದೆ. ವಿಷಯ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದೀ, ಸ್ಪೆಲ್ಲಿಂಗೂ ಸರಿಯಾಗಿದೆ. ಆದರೆ ‘ದಿ ಆಕ್ಸಿಜನ್’, ‘ದಿ ಬಯಾಲಜಿ’, ‘ದಿ ಕಾರ್ಕಳ’ ಎಂದು ಕಂಡಕಂಡಲ್ಲಿ ‘ದಿ’ ಸೇರಿಸಿಬಿಟ್ಟಿದ್ದೀ. ಇದು ನಿನ್ನೊಬ್ಬಳ ಕತೆಯಲ್ಲ. ಹೈಸ್ಕೂಲಿನಲ್ಲಿ ಆರ್ಟಿಕಲ್ ಬಿಟ್ಟದ್ದಕ್ಕೆ ಕೆಂಪು ಶಾಯಿಯ ಗೆರೆ ಕಂಡ ಮಕ್ಕಳು ಆಮೇಲೆ ಹೆದರಿ ಎಲ್ಲ ಕಡೆಯೂ ಹಾಕತೊಡಗುತ್ತಾರೆ. ಹಾಕುವುದಕ್ಕಿರುವ ಹಾಗೆ ಬಿಡುವುದಕ್ಕೂ ನಿಯಮವಿದೆ. ಅದನ್ನು ನಿನಗೆ ಹೇಳಿಕೊಡುತ್ತೇನೆ, ಸಮಾಧಾನದಿಂದ ಓದು.

ಮೊದಲು ಆ ಹೆದರಿಕೆಯನ್ನು ಬಿಡು. ನೀನು ಮನೆಯಲ್ಲಿ ಆಡುವ ತುಳುವಿನಲ್ಲಿ ಆರ್ಟಿಕಲ್ ಇಲ್ಲ, ನೆರೆಮನೆಯವರ ಕೊಂಕಣಿಯಲ್ಲಿ ಇಲ್ಲ, ಶಾಲೆಯಲ್ಲಿ ಕಲಿತ ಕನ್ನಡದಲ್ಲೂ ಇಲ್ಲ. ಸಂಸ್ಕೃತ, ಲ್ಯಾಟಿನ್, ರಷ್ಯನ್‌ನಂಥ ದೊಡ್ಡ ಭಾಷೆಗಳೂ ಅದಿಲ್ಲದೆಯೇ ನಡೆದಿವೆ. ಸಾವಿರ ವರ್ಷದ ಹಿಂದೆ ಇಂಗ್ಲಿಷಿನಲ್ಲೂ ಈಗಿನಂಥ ಆರ್ಟಿಕಲ್ ಇರಲಿಲ್ಲ. ‘ಒಂದು’ ಎಂದು ಎಣಿಸುವ ಅವರ ಮಾತೇ ಸವೆದು ಸವೆದು ‘ಎ’, ‘ಆ್ಯನ್’ ಆಯಿತು. ‘ಆ’ ಎಂದು ತೋರಿಸುವ ಮಾತು ಸವೆದು ‘ದಿ’ ಆಯಿತು. ‘ಒಂದು’, ‘ಆ’ ಎರಡೂ ನಿನ್ನ ಬಾಯಲ್ಲಿ ದಿನವಿಡೀ ಇರುವ ಮಾತುಗಳೇ. ಆದ್ದರಿಂದ ನಿನ್ನ ಕನ್ನಡವನ್ನೇ ಅಳತೆಗೋಲು ಮಾಡಿಕೊ.

ವಾಕ್ಯ ಬರೆಯುವ ಮೊದಲು ನಾಮಪದದ ಹಿಂದೆ ಮನಸ್ಸಿನಲ್ಲೇ ‘ಒಂದು’ ಅಥವಾ ‘ಆ’ ಸೇರಿಸಿ ನೋಡು. ‘ಬಸ್ಸಿನಲ್ಲಿ ಪರ್ಸ್ ಸಿಕ್ಕಿತು, ಪರ್ಸನ್ನು ಕಂಡಕ್ಟರಿಗೆ ಕೊಟ್ಟೆ’ ಎನ್ನುತ್ತೀ. ಮೊದಲನೆಯದು ‘ಒಂದು ಪರ್ಸ್’, ಎರಡನೆಯದು ‘ಆ ಪರ್ಸ್’. ಎರಡು ಕಡೆಯೂ ಮಾತು ಸಲೀಸಾಗಿ ಕೂರುತ್ತದೆ. ಹಾಗಾಗಿ ಇಂಗ್ಲಿಷಿನಲ್ಲಿ ಮೊದಲು ‘ಎ ಪರ್ಸ್’, ಆಮೇಲೆ ‘ದಿ ಪರ್ಸ್’. ಇನ್ನು ‘ಆಕ್ಸಿಜನ್ ಅನಿಲ’ ಎಂಬುದನ್ನು ನೋಡು. ‘ಒಂದು ಆಕ್ಸಿಜನ್’ ಎನ್ನಲಾಗದು, ‘ಆ ಆಕ್ಸಿಜನ್’ ಎಂದರೆ ‘ಯಾವ ಆಕ್ಸಿಜನ್?’ ಎಂಬ ಪ್ರಶ್ನೆ ಬರುತ್ತದೆ. ಅಂದರೆ ಅಲ್ಲಿ ಆರ್ಟಿಕಲ್ ಬೇಡ: ‘ಆಕ್ಸಿಜನ್ ಈಸ್ ಎ ಗ್ಯಾಸ್’.

ಈ ಒಂದು ಪರೀಕ್ಷೆಯಿಂದ ನಿನ್ನ ನೋಟ್ಸಿನ ಅರ್ಧಕ್ಕರ್ಧ ತಪ್ಪು ಹೋಗುತ್ತದೆ. ಐರನ್, ವಾಟರ್, ಬ್ಲಡ್, ರಬ್ಬರ್, ರೈಸ್‌ನಂಥ ಎಣಿಸಲಾಗದ ವಸ್ತುಗಳ ಬಗ್ಗೆ ಒಟ್ಟಾರೆಯಾಗಿ ಹೇಳುವಾಗ ಆರ್ಟಿಕಲ್ ಬಿಡು. ‘ರಬ್ಬರ್ ಗ್ರೋಸ್ ವೆಲ್ ಹಿಯರ್’ ಎಂದರೆ ನಮ್ಮ ಕಡೆ ರಬ್ಬರ್ ಚೆನ್ನಾಗಿ ಬೆಳೆಯುತ್ತದೆ ಎಂದು. ಆದರೆ ನಿನ್ನೆ ನಿನ್ನಪ್ಪ ಮಾರಿದ ರಬ್ಬರಿನ ಮಾತು ಬಂದರೆ ಅದು ‘ಆ ರಬ್ಬರ್’. ಅಲ್ಲಿ ‘ದಿ ರಬ್ಬರ್ ವಿ ಸೋಲ್ಡ್ ಯೆಸ್ಟರ್‌ಡೇ’ ಎನ್ನಬೇಕು. ಹಾಗೆಯೇ ಹಾನೆಸ್ಟಿ, ಪೇಶೆನ್ಸ್‌ನಂಥ ಗುಣಗಳು, ಬಯಾಲಜಿ, ಫಿಸಿಕ್ಸ್‌ನಂಥ ಪಾಠಗಳು, ಮಲೇರಿಯಾ, ಡೆಂಗ್ಯೂನಂಥ ಕಾಯಿಲೆಗಳು ಆರ್ಟಿಕಲ್ ಇಲ್ಲದೆ ಬರುತ್ತವೆ. ತಲೆನೋವು, ಜ್ವರದಂಥ ಕೆಲವಕ್ಕೆ ಮಾತ್ರ ‘ಎ ಹೆಡೇಕ್’, ‘ಎ ಫೀವರ್’ ಎಂಬ ರೂಢಿಯಿದೆ. ಅಡ್ವೈಸ್, ಇನ್ಫರ್ಮೇಶನ್, ಫರ್ನಿಚರ್, ಲಗೇಜ್, ನ್ಯೂಸ್ ಇವನ್ನು ಇಂಗ್ಲಿಷಿನವರು ಎಣಿಸುವುದೇ ಇಲ್ಲ. ‘ಆ್ಯನ್ ಅಡ್ವೈಸ್’ ಎಂದು ಯಾವತ್ತೂ ಬರೆಯಬೇಡ.

‘ದಿ ಹಾರ್ಟ್ ಪಂಪ್ಸ್ ಬ್ಲಡ್’ ಎಂಬ ವಾಕ್ಯವನ್ನು ಬಾಯಿಪಾಠ ಮಾಡಿಟ್ಟುಕೊ. ಹೃದಯ ದೇಹದಲ್ಲಿ ಇಂಥದ್ದೇ ಎಂದು ಗುರುತಿಸಬಹುದಾದ ಅಂಗ, ಅದಕ್ಕೆ ‘ದಿ’. ರಕ್ತ ಎಣಿಕೆಗೆ ಸಿಗದ ವಸ್ತು, ಅದಕ್ಕೆ ಏನೂ ಇಲ್ಲ. ಬಯಾಲಜಿ ಪರೀಕ್ಷೆಯ ಉತ್ತರಗಳಲ್ಲಿ ಬರುವ ಎಷ್ಟೋ ವಾಕ್ಯಗಳು ಇದೇ ಅಚ್ಚಿನವು. ಫಿಸಿಕ್ಸಿನಲ್ಲಿ ಇನ್ನೊಂದು ಸೂಕ್ಷ್ಮ ನೋಡು. ‘ಓಮ್ಸ್ ಲಾ’ ಎನ್ನುವಾಗ ‘ಓಮ್‌ನ’ ಎಂಬ ಷಷ್ಠಿಯೇ ಯಾವ ನಿಯಮವೆಂದು ತೋರಿಸಿಬಿಟ್ಟಿತು. ಮತ್ತೆ ‘ದಿ’ ಬೇಡ. ‘ಮೈ’, ‘ಅವರ್’, ‘ದಿಸ್’ ಬಂದಾಗಲೂ ಹಾಗೆಯೇ. ಸಿ. ವಿ. ರಾಮನ್ 1928ರಲ್ಲಿ ಕಂಡುಹಿಡಿದದ್ದಕ್ಕೆ ಮಾತ್ರ ‘ದಿ ರಾಮನ್ ಎಫೆಕ್ಟ್’ ಎನ್ನಬೇಕು. ಅಲ್ಲಿ ಹೆಸರಿದ್ದರೂ ಷಷ್ಠಿ ಇಲ್ಲ.

ಎಲ್ಲಕ್ಕಿಂತ ಚೆಂದದ್ದು ಕಟ್ಟಡ ಮತ್ತು ಕೆಲಸದ ವ್ಯತ್ಯಾಸ. ನಿನ್ನ ತಮ್ಮ ಓದಲು ಶಾಲೆಗೆ ಹೋಗುತ್ತಾನೆ: ‘ಹಿ ಗೋಸ್ ಟು ಸ್ಕೂಲ್’. ಹೆಡ್‌ಮಾಸ್ಟರನ್ನು ಕಾಣಲು ನಿನ್ನಪ್ಪ ಅದೇ ಶಾಲೆಗೆ ಹೋದರೆ ‘ಹಿ ವೆಂಟ್ ಟು ದಿ ಸ್ಕೂಲ್’. ಜಾಗ ಒಂದೇ, ಹೋದ ಕೆಲಸ ಬೇರೆ. ಭಾನುವಾರ ಪೂಜೆಗೆ ಇಗರ್ಜಿಗೆ ಹೋಗುವ ಕ್ರೈಸ್ತ ಮನೆಯವರು ‘ಗೋ ಟು ಚರ್ಚ್’, ಅಲ್ಲಿಗೆ ಸುಣ್ಣ ಬಳಿಯಲು ಹೋದ ಪೇಂಟರ್ ‘ವೆಂಟ್ ಟು ದಿ ಚರ್ಚ್’. ಮಲಗುವುದಕ್ಕೆ ‘ಗೋ ಟು ಬೆಡ್’, ಮನೆಗೆ ಹೊರಟರೆ ಬರೀ ‘ಗೋ ಹೋಮ್’. ಮಣಿಪಾಲದಲ್ಲಿ ಅಡ್ಮಿಟ್ ಆದ ಅಜ್ಜಿ ‘ಇನ್ ಹಾಸ್ಪಿಟಲ್’, ಅವರನ್ನು ನೋಡಲು ಹೋದ ನೀನು ‘ಅಟ್ ದಿ ಹಾಸ್ಪಿಟಲ್’. ಅಮೆರಿಕದವರು ರೋಗಿಗೂ ‘ಇನ್ ದಿ ಹಾಸ್ಪಿಟಲ್’ ಎನ್ನುತ್ತಾರೆ, ಅದನ್ನು ಕಂಡು ಗಲಿಬಿಲಿಯಾಗಬೇಡ. ನಮ್ಮ ಪಠ್ಯಪುಸ್ತಕಗಳ ದಾರಿ ಬ್ರಿಟಿಷರದ್ದು. ಚರ್ಚಿಗಿರುವ ಈ ಸವಲತ್ತು ಸಾಮಾನ್ಯವಾಗಿ ದೇವಸ್ಥಾನ, ಮಸೀದಿಗಳಿಗೆ ಇಲ್ಲ. ‘ಟು ದಿ ಟೆಂಪಲ್’, ‘ಟು ದಿ ಮಾಸ್ಕ್’ ಎಂದೇ ಬರೆ. ಬ್ಯಾಂಕ್, ಪೋಸ್ಟ್ ಆಫೀಸ್, ಮಾರ್ಕೆಟ್‌ಗಳಿಗೂ ‘ದಿ’ ಬೇಕು.

ಊರಿನ ಹೆಸರಿಗೆ ಏನೂ ಬೇಡ. ಅಜೆಕಾರು, ಹೆಬ್ರಿ, ಕಾಪು, ಉಡುಪಿ ಎಲ್ಲ ಹಾಗೆಯೇ. ಬೀಚಿಗೂ ಒಂಟಿ ಶಿಖರಕ್ಕೂ ಬೇಡ: ‘ಮಲ್ಪೆ ಬೀಚ್’, ‘ಕುದುರೆಮುಖ್’. ಆದರೆ ಬೆಟ್ಟಸಾಲಿಗೆ, ಹೊಳೆಗೆ, ಸಮುದ್ರಕ್ಕೆ ಬೇಕು: ‘ದಿ ವೆಸ್ಟರ್ನ್ ಘಾಟ್ಸ್’, ‘ದಿ ಸ್ವರ್ಣಾ’, ‘ದಿ ಅರೇಬಿಯನ್ ಸೀ’. ನಿನ್ನ ಮಾವ ಇರುವುದು ದುಬೈಯಲ್ಲಿ, ಕುವೈತಿನಲ್ಲಿ, ಬಹ್ರೇನಿನಲ್ಲಿ ಎಂದರೆ ಆರ್ಟಿಕಲ್ ಇಲ್ಲ. ‘ಗಲ್ಫ್’ ಎಂದರೆ ‘ದಿ ಗಲ್ಫ್’, ಯುಎಇ ಎಂದರೆ ‘ದಿ ಯುಎಇ’. ಕಾಲೇಜು, ವಿಶ್ವವಿದ್ಯಾಲಯಗಳ ಹೆಸರಿನಲ್ಲಿ ‘ಆಫ್’ ಎಲ್ಲಿದೆ ನೋಡು. 1953ರ ಮಣಿಪಾಲದ ‘ಕಸ್ತೂರ್ಬಾ ಮೆಡಿಕಲ್ ಕಾಲೇಜ್’ಗೆ ಬೇಡ, 1980ರಲ್ಲಿ ಶುರುವಾದ ‘ಮ್ಯಾಂಗಲೋರ್ ಯೂನಿವರ್ಸಿಟಿ’ಗೂ ಬೇಡ. 1916ರದ್ದು ‘ದಿ ಯೂನಿವರ್ಸಿಟಿ ಆಫ್ ಮೈಸೂರ್’. ‘ಆಫ್’ ಬಂತು, ‘ದಿ’ಯೂ ಬಂತು. ಮುಂದೆ ಅರ್ಜಿ ತುಂಬಿಸುವಾಗ ಇದು ನಿನಗೆ ಉಪಯೋಗಕ್ಕೆ ಬರುತ್ತದೆ.

ಸಣ್ಣಪುಟ್ಟವು ಇನ್ನು ಕೆಲವಿವೆ. ಭಾಷೆಗೆ ಬೇಡ: ‘ಐ ಸ್ಪೀಕ್ ತುಳು’. ಊಟ, ತಿಂಡಿಗೆ ಬೇಡ: ‘ಐ ಹ್ಯಾಡ್ ಬ್ರೇಕ್‌ಫಾಸ್ಟ್’, ಗಡದ್ದಾಗಿ ಉಂಡಿದ್ದರೆ ‘ಎ ಹೆವಿ ಲಂಚ್’. ಪ್ರಯಾಣಕ್ಕೆ ‘ಬೈ ಬಸ್’, ‘ಆನ್ ಫುಟ್’. ಆಟಕ್ಕೆ ಬೇಡ, ‘ಪ್ಲೇ ವಾಲಿಬಾಲ್’. ವಾದ್ಯಕ್ಕೆ ಬೇಕು, ‘ಪ್ಲೇ ದಿ ಫ್ಲೂಟ್’. ನಂಬರ್ ಜೊತೆಗಿದ್ದರೆ ಬೇಡ: ‘ಕ್ವೆಶ್ಚನ್ 3’, ‘ಪೇಜ್ 12’. ‘ಅಟ್ ನೈಟ್’ಗೆ ಬೇಡ, ‘ಇನ್ ದಿ ಮಾರ್ನಿಂಗ್’ಗೆ ಬೇಕು.

ನಾನು ಕೊಟ್ಟ ಅಳತೆಗೋಲು ಸೋಲುವ ಜಾಗಗಳನ್ನೂ ತಿಳಿದಿರು. ‘ನಮ್ಮಮ್ಮ ನರ್ಸ್’ ಎನ್ನುವಾಗ ‘ಒಂದು’ ಎನ್ನುವ ರೂಢಿ ನಮ್ಮಲ್ಲಿಲ್ಲ, ಇಂಗ್ಲಿಷಿನಲ್ಲಿ ಮಾತ್ರ ‘ಎ ನರ್ಸ್’ ಎನ್ನಲೇಬೇಕು. ಸೂರ್ಯ ಚಂದ್ರರಿಗೆ ನಾವು ‘ಆ’ ಎನ್ನುವುದಿಲ್ಲ, ಅವರು ‘ದಿ ಸನ್’, ‘ದಿ ಮೂನ್’ ಎನ್ನುತ್ತಾರೆ. ಉದ್ಯೋಗದ ಹೆಸರು, ಜಗತ್ತಿಗೆ ಒಂದೇ ಆದ ವಸ್ತು, ನಿತ್ಯ ಹೋಗಿಬರುವ ಅಂಗಡಿ ಕಚೇರಿಗಳು — ಈ ಮೂರರಲ್ಲಿ ಕನ್ನಡದ ಕಿವಿಯನ್ನು ನಂಬದೆ ಇಂಗ್ಲಿಷಿನ ರೂಢಿಯನ್ನು ಕಲಿತುಕೊ.

ಮನೆಯ ಕಪಾಟಿನಲ್ಲಿ ರೆನ್ ಮತ್ತು ಮಾರ್ಟಿನ್ ವ್ಯಾಕರಣ ಇದ್ದರೆ ಆರ್ಟಿಕಲ್ ಬಿಡುವ ಬಗ್ಗೆ ಅದರಲ್ಲಿರುವ ಭಾಗವನ್ನು ನಿಧಾನವಾಗಿ ಓದು. ಇಂಗ್ಲಿಷ್ ಪತ್ರಿಕೆಯನ್ನೂ ಓದು. ಆದರೆ ಹೆಡ್‌ಲೈನ್ ನೋಡಿ ಆರ್ಟಿಕಲ್ ಕಲಿಯಬೇಡ. ಜಾಗ ಉಳಿಸಲೆಂದು ಅಲ್ಲಿ ಎಲ್ಲವನ್ನೂ ಕಿತ್ತುಹಾಕಿರುತ್ತಾರೆ. ಕೆಳಗಿನ ಸುದ್ದಿಯಲ್ಲಿ ಒಂದು ಪ್ಯಾರಾ ಆರಿಸಿಕೊಂಡು, ಆರ್ಟಿಕಲ್ ಇಲ್ಲದ ನಾಮಪದಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಯಾಕಿಲ್ಲ ಎಂದು ನಿನ್ನನ್ನೇ ಕೇಳಿಕೊ. ದಿನಕ್ಕೆ ಒಂದೇ ಪ್ಯಾರಾ ಸಾಕು, ತಪ್ಪಿಸಬೇಡ.

ಕೊನೆಯದಾಗಿ, ಈ ನಿಯಮಗಳೆಲ್ಲ ಬರೆಯುವಾಗಿನವು. ಪರೀಕ್ಷೆಯಲ್ಲಿ ಕೊನೆಯ ಐದು ನಿಮಿಷ ಉಳಿಸಿ ನಾಮಪದಗಳ ಮೇಲೆ ಮಾತ್ರ ಕಣ್ಣಾಡಿಸು. ಕ್ಲಾಸಿನಲ್ಲಿ ಲೆಕ್ಚರರ್ ಪ್ರಶ್ನೆ ಕೇಳಿದಾಗ ‘ದಿ’ ಬೇಕೋ ಬೇಡವೋ ಎಂದು ಯೋಚಿಸುತ್ತ ಬಾಯಿ ಕಟ್ಟಿ ಕೂರಬೇಡ. ಆರ್ಟಿಕಲ್ ತಪ್ಪಿದರೆ ಅರ್ಥ ಕೆಡುವುದು ತೀರ ಅಪರೂಪ. ಸುಮ್ಮನಿದ್ದರೆ ನಿನಗೆ ಉತ್ತರ ಗೊತ್ತಿತ್ತೆಂಬುದೇ ಯಾರಿಗೂ ಗೊತ್ತಾಗುವುದಿಲ್ಲ. ಎದ್ದು ನಿಂತು ಗಟ್ಟಿಯಾಗಿ ಉತ್ತರ ಹೇಳು. ತಿದ್ದುವುದನ್ನು ಸಂಜೆ ನೋಟ್ಸ್ ಬರೆಯುವಾಗ ಮಾಡಿಕೊಳ್ಳಬಹುದು. ತಿದ್ದಿದ ಮೇಲೂ ಸಂಶಯ ಉಳಿದರೆ ಭಾನುವಾರ ಪುಸ್ತಕ ಹಿಡಿದುಕೊಂಡು ಬಾ, ಇಬ್ಬರೂ ಕೂತು ನೋಡೋಣ.