ಗೆರೆ ನಿಂತಿತು, ಅಕ್ಷರ ಸರಿಯಿತು

ಮಕ್ಕಳು ಕನ್ನಡದಲ್ಲಿ ಪ್ರಬಂಧ ಬರೆಯಲೆಂದು ಮಾಡಿದ್ದ ಪುಟ ಅದು. ಬರೆಯುವ ಪೆಟ್ಟಿಗೆಗೆ ನೋಟ್‌ಬುಕ್ಕಿನ ಹಾಳೆಯಂತೆ ನೀಲಿ ಗೆರೆಗಳು, ಎಡಗಡೆ ಕೆಂಪು ಮಾರ್ಜಿನ್. ನಮ್ಮ ತಂಡದ ಸಹೋದ್ಯೋಗಿಯೊಬ್ಬರು ಚಿತ್ರದ ಫೈಲನ್ನೇ ಬಳಸದೆ ಸಿಎಸ್‌ಎಸ್ ಗ್ರೇಡಿಯಂಟ್‌ನಲ್ಲಿ ಗೆರೆ ಎಳೆದಿದ್ದರು. ನಾಲ್ಕು ಸಾಲು ಟೈಪ್ ಮಾಡಿ ನೋಡಿದವರೆಲ್ಲ ಭೇಷ್ ಎಂದರು. ಹುಡುಗನೊಬ್ಬ ಒಂದೂವರೆ ಪುಟ ಬರೆದಾಗಲೇ ಗುಟ್ಟು ರಟ್ಟಾದದ್ದು. ಪೆಟ್ಟಿಗೆ ತುಂಬಿ ಬರಹ ಮೇಲಕ್ಕೆ ಸರಿಯತೊಡಗಿತು. ಗೆರೆಗಳು ಇದ್ದಲ್ಲೇ ಇದ್ದವು. ಒಮ್ಮೆ ಅಕ್ಷರದ ಬುಡಕ್ಕೆ ಬರುತ್ತಿದ್ದ ಗೆರೆ ಇನ್ನೊಮ್ಮೆ ಅದರ ನಡುವನ್ನೇ ಸೀಳುತ್ತಿತ್ತು.

ಬ್ರೌಸರ್ ಇಲ್ಲಿ ನಿಯಮ ಮೀರಿರಲಿಲ್ಲ. ಹಿನ್ನೆಲೆ ಚಿತ್ರ ಯಾವುದಕ್ಕೆ ಅಂಟಿಕೊಂಡಿರಬೇಕು ಎಂದು ಹೇಳುವ ಗುಣ ಬ್ಯಾಕ್‌ಗ್ರೌಂಡ್-ಅಟ್ಯಾಚ್‌ಮೆಂಟ್. 1996ರ ಮೊದಲ ಸಿಎಸ್‌ಎಸ್‌ನಲ್ಲಿ ಇದಕ್ಕೆ ಇದ್ದದ್ದು ಎರಡೇ ಬೆಲೆ: ಸ್ಕ್ರೋಲ್ ಮತ್ತು ಫಿಕ್ಸ್ಡ್. ಏನೂ ಬರೆಯದಿದ್ದರೆ ಸ್ಕ್ರೋಲ್. ಇಡೀ ಪುಟ ಸರಿಯುವಾಗ ಇದು ಸಹಜವಾಗಿಯೇ ಕಾಣುತ್ತದೆ, ಪೆಟ್ಟಿಗೆಯ ಜೊತೆ ಚಿತ್ರವೂ ಹೋಗುತ್ತದೆ. ಆದರೆ ಪೆಟ್ಟಿಗೆಗೇ ಸ್ವಂತ ಸ್ಕ್ರೋಲ್‌ಬಾರ್ ಇದ್ದರೆ ಚಿತ್ರ ಅಂಟಿಕೊಳ್ಳುವುದು ಚೌಕಟ್ಟಿಗೆ, ಒಳಗಿನ ಬರಹಕ್ಕಲ್ಲ. ಮೇಜಿನ ಮೇಲೆ ಗೆರೆ ಎಳೆದು, ಅದರ ಮೇಲೆ ಪಾರದರ್ಶಕ ಹಾಳೆ ಇಟ್ಟು ಎಳೆದಂತೆ. ಬರಹ ಪೆಟ್ಟಿಗೆಯೊಳಗೇ ಹಿಡಿಸುವವರೆಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ನಾಲ್ಕು ಸಾಲಿನ ಪರೀಕ್ಷೆ ಪಾಸಾದದ್ದು ಅದಕ್ಕೇ.

ಮೂರನೆಯ ಬೆಲೆ ಲೋಕಲ್ ಬಂದದ್ದು ಸಿಎಸ್‌ಎಸ್‌ನ ಮೂರನೇ ಹಂತದಲ್ಲಿ. ಇದನ್ನು ಕೊಟ್ಟರೆ ಹಿನ್ನೆಲೆ ಒಳಗಿನ ವಿಷಯಕ್ಕೆ ಅಂಟಿಕೊಂಡು ಅದರ ಜೊತೆಗೇ ಸರಿಯುತ್ತದೆ. ಒಂದೇ ಪದ ಸೇರಿಸಿದ್ದಕ್ಕೆ ಗೆರೆಗಳು ಬರಹದ ಹಿಂದೆ ಹೊರಟವು.

ಆದರೂ ಕೆಲಸ ಮುಗಿದಿರಲಿಲ್ಲ. ಗೆರೆಗಳ ನಡುವಿನ ಅಂತರ 30 ಪಿಕ್ಸೆಲ್, ಸಾಲಿನ ಎತ್ತರ 32. ಸಾಲಿಗೆ ಎರಡೇ ಪಿಕ್ಸೆಲ್ ಎಂದರೂ ಇಪ್ಪತ್ತನೇ ಸಾಲಿಗೆ ಬರುವಷ್ಟರಲ್ಲಿ 40 ಪಿಕ್ಸೆಲ್ ಕೈತಪ್ಪುತ್ತದೆ. ಸಾಲಿನ ಎತ್ತರವನ್ನೇ ತಗ್ಗಿಸೋಣವೆಂದರೆ ಕನ್ನಡ ಬಿಡುವುದಿಲ್ಲ: ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳ ಒತ್ತಕ್ಷರ ಕೆಳಗಿನ ಗೆರೆ ದಾಟಿ ಮುಂದಿನ ಸಾಲಿನ ತಲೆಗೆ ಮುಟ್ಟುತ್ತದೆ. ಕೊನೆಗೆ ಎರಡನ್ನೂ 36ಕ್ಕೆ ಏರಿಸಲಾಯಿತು. ಪೆಟ್ಟಿಗೆಯ ಮೇಲ್ಭಾಗದ 12 ಪಿಕ್ಸೆಲ್ ಪ್ಯಾಡಿಂಗ್‌ನಿಂದ ಬರಹ ಅಷ್ಟು ಕೆಳಗೆ ಶುರುವಾಗುತ್ತಿತ್ತು. ಗೆರೆಗಳನ್ನೂ ಅಷ್ಟೇ ಇಳಿಸಬೇಕಾಯಿತು. ಕೆಂಪು ಮಾರ್ಜಿನ್‌ಗೆ ಇದಾವುದರ ಗೊಡವೆಯಿಲ್ಲ. ನೆಟ್ಟಗೆ ನಿಂತ ಗೆರೆ ಮೇಲೆ ಸರಿದರೇನು, ಸರಿಯದಿದ್ದರೇನು!

ಹೆಚ್ಚು ಜಗಳ ತಂದದ್ದು ಫಿಕ್ಸ್ಡ್. ಪ್ರವಾಸದ ಪುಟವೊಂದರಲ್ಲಿ 360 ಪಿಕ್ಸೆಲ್ ಅಗಲದ ಕಾರ್ಡಿಗೆ ಹಂಪಿಯ ಕಲ್ಲಿನ ರಥದ ಫೋಟೋ ಹಿನ್ನೆಲೆಯಾಗಿತ್ತು. ಅಳತೆಗೆ ಜಾಗ ಪೂರ್ತಿ ತುಂಬಿಸುವ ಕವರ್, ಅಂಟಿಕೆಗೆ ಫಿಕ್ಸ್ಡ್. ಕಾರ್ಡಿನಲ್ಲಿ ಕಂಡದ್ದು ಒಂದು ಚಕ್ರ ಮತ್ತು ಒಂದಿಷ್ಟು ನೆಲ. ಫಿಕ್ಸ್ಡ್ ಎಂದ ಕೂಡಲೇ ಚಿತ್ರದ ಅಳತೆ, ಸ್ಥಾನ ಎರಡನ್ನೂ ಬ್ರೌಸರ್ ಕಿಟಕಿಯಿಂದ ಲೆಕ್ಕ ಹಾಕುತ್ತದೆ, ಕಾರ್ಡಿನಿಂದಲ್ಲ. ಕಿಟಕಿ 1440 ಪಿಕ್ಸೆಲ್ ಅಗಲವಿದ್ದರೆ ಚಿತ್ರವೂ ಕನಿಷ್ಠ ಅಷ್ಟಗಲ. ಕಾರ್ಡಿಗೆ ದಕ್ಕುವುದು ಹೆಚ್ಚೆಂದರೆ ಅದರ ಕಾಲು ಭಾಗ. ಇನ್ನೂ ವಿಚಿತ್ರವೆಂದರೆ, ಮೌಸ್ ಒಯ್ದರೆ ಸಾಕು, ರಥ ಪೂರ್ತಿ ಪ್ರತ್ಯಕ್ಷ! ಕಾರ್ಡು ತುಸು ದೊಡ್ಡದಾಗಲೆಂದು ಯಾರೋ ಟ್ರಾನ್ಸ್‌ಫಾರ್ಮ್ ಹಾಕಿದ್ದರು. ಟ್ರಾನ್ಸ್‌ಫಾರ್ಮ್ ತಗುಲಿದ ಕಡೆ ಫಿಕ್ಸ್ಡ್ ಅನ್ನು ಸ್ಕ್ರೋಲ್ ಎಂದೇ ಎಣಿಸಬೇಕೆಂಬುದು ನಿಯಮ. ಐಫೋನಿನ ಸಫಾರಿಯಂತೂ ವರ್ಷಗಟ್ಟಲೆ ಫಿಕ್ಸ್ಡ್ ಮಾತನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ನಿಂತ ಹಿನ್ನೆಲೆ ಬೇಕೇಬೇಕೆಂದು ಹಟ ಹಿಡಿದ ಗ್ರಾಹಕರಿಗೆ ನಾನೀಗ ಚಿತ್ರವನ್ನು ಬೇರೆ ಪದರದಲ್ಲಿಟ್ಟು, ಆ ಪದರಕ್ಕೆ ಸ್ಟಿಕಿ ಕೊಡುತ್ತೇನೆ. ತಲೆನೋವು ಕಡಿಮೆ.

ಪ್ರಬಂಧದ ಗೆರೆಗಳನ್ನು ಕೆಡಿಸಿತೆಂದು ಸ್ಕ್ರೋಲ್ ಬೇಡದ ಕೂಸೇನಲ್ಲ. 2012ರಲ್ಲಿ ಸಿಎಸ್‌ಎಸ್ ತಜ್ಞೆ ಲಿಯಾ ವೆರು ತೋರಿಸಿದ ತಂತ್ರ ನಿಂತಿರುವುದು ಸ್ಕ್ರೋಲ್ ಮತ್ತು ಲೋಕಲ್‌ಗಳ ಜೋಡಿಯ ಮೇಲೆ. ಮೂಲ ಉಪಾಯ ರೋಮನ್ ಕೊಮರೋವ್ ಅವರದೆಂದು ಆಕೆಯೇ ಹೇಳಿದ್ದಾರೆ. ಉದ್ದನೆಯ ಪಟ್ಟಿಯಲ್ಲಿ ಕೆಳಗೆ ಇನ್ನೂ ವಿಷಯವಿದೆ ಎಂದು ಸೂಚಿಸಲು ಅಂಚಿನಲ್ಲಿ ತೆಳು ನೆರಳು ಬೇಕು, ತುದಿ ಮುಟ್ಟಿದಾಗ ಅದು ಮಾಯವಾಗಬೇಕು. ಒಂದೇ ಪೆಟ್ಟಿಗೆಗೆ ನಾಲ್ಕು ಹಿನ್ನೆಲೆ: ಎರಡು ನೆರಳು ಸ್ಕ್ರೋಲ್‌ನಲ್ಲಿ, ಅವನ್ನು ಮರೆಮಾಡುವ ಎರಡು ಬಿಳಿ ಮುಚ್ಚಳ ಲೋಕಲ್‌ನಲ್ಲಿ. ಪಟ್ಟಿ ಸರಿದಂತೆ ಬಿಳಿ ಮುಚ್ಚಳವೂ ಸರಿದು ನೆರಳು ಬಯಲಾಗುತ್ತದೆ. ಜಾವಾಸ್ಕ್ರಿಪ್ಟ್‌ನ ಒಂದು ಸಾಲೂ ಇಲ್ಲ. ನಮ್ಮ ಅಂಕಪಟ್ಟಿಯಲ್ಲಿ ಮಾತ್ರ ಇದು ಮೊದಲಿಗೆ ಕೈಕೊಟ್ಟಿತು. ಸಾಲು ಬಿಟ್ಟು ಸಾಲಿಗೆ ಬೂದು ಬಣ್ಣ ಬಳಿದಿದ್ದೆವು. ಒಳಗಿನ ಸಾಲುಗಳ ಬಣ್ಣ ಪೆಟ್ಟಿಗೆಯ ಹಿನ್ನೆಲೆಗಿಂತ ಮೇಲೆ ಬರುವುದರಿಂದ ನೆರಳು ಅಡಿಯಲ್ಲೇ ಉಳಿಯಿತು. ಅರೆಪಾರದರ್ಶಕ ಬೂದು ಹಾಕಿದ ಮೇಲೆ ಕಾಣಿಸಿತು.

ಪ್ರಬಂಧದ ಪುಟಕ್ಕೆ ಕೊನೆಯ ದೂರು ಬಂದದ್ದು ಮೇಷ್ಟ್ರಿಂದ. ಪ್ರಿಂಟ್ ತೆಗೆದರೆ ಗೆರೆಗಳೂ ಇಲ್ಲ, ಅರ್ಧ ಪ್ರಬಂಧವೂ ಇಲ್ಲ. ಬ್ರೌಸರುಗಳು ಸಾಮಾನ್ಯವಾಗಿ ಹಿನ್ನೆಲೆಯನ್ನು ಮುದ್ರಿಸುವುದಿಲ್ಲ. ಸ್ಕ್ರೋಲ್ ಆಗುವ ಪೆಟ್ಟಿಗೆಯಲ್ಲಿ ಪರದೆಗೆ ಕಂಡಷ್ಟೇ ಕಾಗದಕ್ಕೂ ಬರುತ್ತದೆ. ಹಾಗಾಗಿ ಮುದ್ರಣದ ಹೊತ್ತಿಗೆ ಬರಹವನ್ನು ಎತ್ತರದ ಮಿತಿಯಿಲ್ಲದ ಸಾದಾ ಡಿವ್‌ಗೆ ಸುರಿದು, ಗೆರೆಗಳನ್ನು ಹಿನ್ನೆಲೆಯ ಬದಲು ಪ್ರತಿ ಪ್ಯಾರಾದ ಕೆಳಗೆ ಬಾರ್ಡರ್ ಆಗಿ ಎಳೆದೆವು. ಸಾಲಿಗೊಂದು ಗೆರೆ ಹೋಗಿ ಪ್ಯಾರಾಕ್ಕೊಂದು ಗೆರೆ ಉಳಿಯಿತು. ಕೆಂಪು ಶಾಯಿಯಲ್ಲಿ ತಿದ್ದಲು ಜಾಗ ಜಾಸ್ತಿ ಸಿಕ್ಕಿತೆಂದು ಮೇಷ್ಟ್ರು ಒಪ್ಪಿಕೊಂಡರು.