ಗ್ರಂಥಾಲಯಗಳ ಒಕ್ಕೂಟ: ಬಲ ಮತ್ತು ಹೊಣೆ

ವಿದ್ಯಾಸಂಸ್ಥೆಯೊಂದರ ಗ್ರಂಥಾಲಯವು ಎಷ್ಟೇ ಸಂಪನ್ನವಾಗಿದ್ದರೂ ಅಲ್ಲಿಗೆ ಬರುವ ಓದುಗರೆಲ್ಲರ ಅಗತ್ಯವನ್ನು ಅದೊಂದೇ ಪೂರೈಸಲಾರದು. ಪ್ರಕಟವಾಗುವ ಜ್ಞಾನದ ಪ್ರಮಾಣ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಗ್ರಂಥಾಲಯದ ಅನುದಾನ ಆ ವೇಗದಲ್ಲಿ ಬೆಳೆಯದು. ಈ ಅಂತರವನ್ನು ತುಂಬಲು ಗ್ರಂಥಾಲಯಗಳು ಕಂಡುಕೊಂಡ ಮಾರ್ಗವೇ ಪರಸ್ಪರ ಸಹಕಾರ. ಅದರ ಸುಸಂಘಟಿತ ರೂಪವೇ ಕನ್ಸಾರ್ಷಿಯಂ, ಅಂದರೆ ಗ್ರಂಥಾಲಯಗಳ ಒಕ್ಕೂಟ.

1967ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಕಾಲೇಜುಗಳು ಒಂದು ಗ್ರಂಥಾಲಯ ಕೇಂದ್ರವನ್ನು ಸ್ಥಾಪಿಸಿದವು. ಫ್ರೆಡರಿಕ್ ಕಿಲ್ಗೋರ್ ಅದರ ನೇತೃತ್ವ ವಹಿಸಿದ್ದರು. 1971ರಲ್ಲಿ ಅಲ್ಲಿ ಗಣಕಯಂತ್ರದ ಮೂಲಕ ಸಂಯುಕ್ತ ಗ್ರಂಥಸೂಚಿಯ ಕಾರ್ಯ ಮೊದಲಾಯಿತು. ಒಂದು ಗ್ರಂಥಾಲಯ ಸಿದ್ಧಪಡಿಸಿದ ವಿವರವನ್ನು ಉಳಿದವು ಬಳಸಿಕೊಂಡದ್ದರಿಂದ ಒಂದೇ ಕೆಲಸವನ್ನು ಹಲವೆಡೆ ಮಾಡುವ ಶ್ರಮ ತಪ್ಪಿತು. ಯಾವ ಗ್ರಂಥ ಎಲ್ಲಿದೆಯೆಂಬುದು ತಿಳಿದಾಗ ಅದನ್ನು ಎರವಲು ತರಿಸುವುದೂ ಸುಲಭವಾಯಿತು.

ನಮ್ಮ ದೇಶದಲ್ಲಿ 1981ರಲ್ಲಿ ಖಗೋಳವಿಜ್ಞಾನ ಸಂಸ್ಥೆಗಳ ಗ್ರಂಥಾಲಯಗಳು ‘ಫೋರ್ಸಾ’ ಎಂಬ ವೇದಿಕೆಯಡಿ ಒಂದುಗೂಡಿದವು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಹಾಗೂ ಭಾರತೀಯ ಖಗೋಳಭೌತ ಸಂಸ್ಥೆ ಅದರಲ್ಲಿ ಪಾಲ್ಗೊಂಡವು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 1991ರಲ್ಲಿ ‘ಇನ್‌ಫ್ಲಿಬ್‌ನೆಟ್’ ಕಾರ್ಯಕ್ರಮವನ್ನು ಆರಂಭಿಸಿತು. 2003ರಲ್ಲಿ ವಿಶ್ವವಿದ್ಯಾನಿಲಯಗಳಿಗಾಗಿ ವಿದ್ಯುನ್ಮಾನ ನಿಯತಕಾಲಿಕಗಳ ಒಕ್ಕೂಟವೂ 2010ರಲ್ಲಿ ಕಾಲೇಜುಗಳಿಗಾಗಿ ‘ಎನ್-ಲಿಸ್ಟ್’ ಯೋಜನೆಯೂ ಬಂದವು. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಮೂರು ವರ್ಷಗಳ ಅವಧಿಗೆ 6,000 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ಇದರ ವ್ಯಾಪ್ತಿಗೆ ಸೇರಿದವು. ಆದರೆ ಈ ಮಂಜೂರಾತಿ ಸರ್ಕಾರದ ಆಡಳಿತಕ್ಕೊಳಪಟ್ಟ ಉನ್ನತ ಶಿಕ್ಷಣ ಸಂಸ್ಥೆಗಳು ಹಾಗೂ ಕೇಂದ್ರದ ಸಂಶೋಧನಾ ಸಂಸ್ಥೆಗಳನ್ನು ಉದ್ದೇಶಿಸಿದ್ದಾಗಿತ್ತು. ಖಾಸಗಿ ಸಂಸ್ಥೆಗಳು ತಮ್ಮ ದಾರಿಯನ್ನು ತಾವೇ ಯೋಚಿಸಬೇಕಾಯಿತು.

ಒಕ್ಕೂಟದ ಬಲವಿರುವುದು ಸಂಖ್ಯೆಯಲ್ಲಿ. ಒಂಟಿ ಗ್ರಂಥಾಲಯವು ಪ್ರಕಾಶಕನು ಹೇಳಿದ ಬೆಲೆಯನ್ನು ತೆರಬೇಕು. ನೂರಾರು ಗ್ರಂಥಾಲಯಗಳು ಒಂದಾಗಿ ಕೇಳಿದಾಗ ಬೆಲೆಯನ್ನೂ ಷರತ್ತುಗಳನ್ನೂ ಚರ್ಚಿಸಬಹುದು. ಹೀಗೆ ಸಣ್ಣ ಊರಿನ ಕಾಲೇಜಿನ ವಿದ್ಯಾರ್ಥಿಯೂ ಮಹಾನಗರದ ಸಂಶೋಧಕನು ಓದುವ ಲೇಖನವನ್ನೇ ಓದಬಲ್ಲನು.

ಆದರೆ ಇಲ್ಲಿ ಮರೆಯಬಾರದ ಸಂಗತಿಯೊಂದುಂಟು. ಕೊಂಡ ಗ್ರಂಥವು ಕಪಾಟಿನಲ್ಲಿ ಉಳಿಯುತ್ತದೆ. ಚಂದಾ ಪಡೆದ ವಿದ್ಯುನ್ಮಾನ ಸಂಚಿಕೆಯು ಬಹುಮಟ್ಟಿಗೆ ಬಳಕೆಯ ಅನುಮತಿಯಷ್ಟೇ. ಚಂದಾ ನಿಂತ ಮೇಲೂ ಹಳೆಯ ಸಂಚಿಕೆಗಳನ್ನು ಓದುವ ಹಕ್ಕು ಒಪ್ಪಂದದಲ್ಲಿ ಇಲ್ಲದಿದ್ದರೆ ಹಲವು ವರ್ಷಗಳ ವೆಚ್ಚದ ಅನಂತರವೂ ಗ್ರಂಥಾಲಯದ ಕೈ ಬರಿದಾಗಬಹುದು. ಆದುದರಿಂದ ಬೆಲೆಯಷ್ಟೇ ಎಚ್ಚರದಿಂದ ಈ ಹಕ್ಕನ್ನೂ ಒಕ್ಕೂಟಗಳು ಕೇಳಬೇಕು.

ಸಹಕಾರವೆಂದರೆ ಪಡೆಯುವುದಷ್ಟೇ ಅಲ್ಲ, ಕೊಡುವುದೂ ಹೌದು. ಸ್ಥಳೀಯ ಇತಿಹಾಸದ ಪುಸ್ತಕ, ಹಳೆಯ ಕನ್ನಡ ಪತ್ರಿಕೆ, ಸ್ಮರಣ ಸಂಚಿಕೆ ಮೊದಲಾದವು ದೊಡ್ಡ ಪ್ರಕಾಶಕರ ಪಟ್ಟಿಯಲ್ಲಿ ದೊರೆಯುವುದಿಲ್ಲ. ಅವುಗಳನ್ನು ಕಾಪಾಡಿ, ಸೂಚಿ ರಚಿಸಿ, ಇತರರಿಗೆ ತೆರೆದಿಡುವ ಚಿಕ್ಕ ಗ್ರಂಥಾಲಯವೂ ಒಕ್ಕೂಟದಲ್ಲಿ ದಾತೃವಿನ ಸ್ಥಾನ ಪಡೆಯುತ್ತದೆ. ಗ್ರಂಥಾಲಯಕ್ಕೆ ನೆರವು ನೀಡುವ ಮಹನೀಯರು ಕಟ್ಟಡ ಹಾಗೂ ಪುಸ್ತಕಗಳ ಜೊತೆಗೆ ಸೂಚೀಕರಣಕ್ಕೂ ಸಂರಕ್ಷಣೆಗೂ ನುರಿತ ಗ್ರಂಥಪಾಲಕರ ನೇಮಕಕ್ಕೂ ಗಮನವಿತ್ತರೆ ಅವರ ದಾನದ ಫಲವು ಒಂದು ಸಂಸ್ಥೆಯ ಗೋಡೆಗಳಾಚೆಗೂ ಸಲ್ಲುವುದು.